ನೆಲದ ಕೆಲಸ

ಕುರುಗೋಡಿನ ಎರ್ರಣ್ಣ ಕೂತಲ್ಲಿ ಕೂಡುವ ಮನುಷ್ಯನಲ್ಲ. ಉಣ್ಣಲು ಕೂತರೂ ಒಂದು ಮೊಣಕಾಲು ಅಲ್ಲಾಡುತ್ತಲೇ ಇರುತ್ತಿತ್ತು. ಹೆಂಡತಿ ಹಂಪಮ್ಮ ಅದರ ಮೇಲೆ ಕೈಯಿಟ್ಟು ಅದುಮಿ, "ರೊಟ್ಟಿ ಎಲ್ಲಿಗೂ ಓಡಿ ಹೋಗಂಗಿಲ್ಲ, ನಿಧಾನಕ ಉಣ್ರಿ" ಅನ್ನುತ್ತಿದ್ದಳು. ನೆಲ ಬಿಟ್ಟು ಮೇಲೆ ಹೋದಾಗ ಮಾತ್ರ ಅವನ ಮೈಗೆ ಸಮಾಧಾನ.

ಅವನ ಮನೆತನದವರು ಈಚಲ ಮರ ಹತ್ತಿ ಹೆಂಡ ಇಳಿಸುವವರು. ಬೆಳಕು ಹರಿಯುವ ಮೊದಲೇ ಸೊಂಟಕ್ಕೆ ಮರ ಹತ್ತುವ ಮೋಕಿನ ಹಗ್ಗ ಬಿಗಿದು ಹಳ್ಳದ ದಂಡೆಯ ಬನಕ್ಕೆ ಹೋದರೆ ಬಿಸಿಲೇರಿದ ಮೇಲೆಯೇ ಮನೆ. ಎರ್ರಣ್ಣನಿಗೆ ಮೀಸೆ ಚಿಗುರುವ ವಯಸ್ಸಿನಲ್ಲಿ ಅವನ ಅಪ್ಪ ಅಂಥದೊಂದು ಮರದಿಂದ ಬಿದ್ದು ಸತ್ತ. ಹಗ್ಗ ಹರಿದಿರಲಿಲ್ಲ, ಮರ ಮುರಿದಿರಲಿಲ್ಲ. ಕೈ ಜಾರಿತ್ತು, ಅಷ್ಟೆ. ಅಪ್ಪನನ್ನು ಕಂಬಳಿಯಲ್ಲಿ ಹೊತ್ತು ತಂದಾಗ ಅವ್ವ ದೊಡ್ಡಬಸಮ್ಮ ಜೋಳ ಬೀಸುತ್ತಿದ್ದಳು. ಬೀಸುವ ಕಲ್ಲಿನ ಗೂಟ ಹಿಡಿದ ಕೈಯನ್ನು ಆಕೆ ಬಿಡಲೇ ಇಲ್ಲ. ಇಬ್ಬರು ಹೆಂಗಸರು ಬಂದು ಬೆರಳು ಬಿಡಿಸಬೇಕಾಯಿತು. ತಂಗಿ ಊರಮ್ಮ ಆಗ ಇನ್ನೂ ತೊಟ್ಟಿಲ ಕೂಸು. ಮುಂದಿನ ಸಲ ಮರಗಳು ಹದಕ್ಕೆ ಬಂದಾಗ ಅದೇ ಮೋಕು ಎರ್ರಣ್ಣನ ಸೊಂಟಕ್ಕೆ ಬಂತು.

ಆಮೇಲೆ ಮದ್ರಾಸ್ ಸರ್ಕಾರ ಹೆಂಡ ಬಂದ್ ಮಾಡಿತು. ಮರಗಳು ನಿಂತಲ್ಲೇ ನಿಂತಿದ್ದವು, ಹತ್ತಿದರೆ ಮಾತ್ರ ಪೊಲೀಸರು ಹಿಡಿಯುತ್ತಿದ್ದರು. ಎರ್ರಣ್ಣ ಸಂಗನಕಲ್ಲಿನ ಗುಡ್ಡದ ಹತ್ತಿರ ಕಲ್ಲು ಒಡೆಯಲು ಹೋದ. ಸುತ್ತಿಗೆ ಎತ್ತುವುದು ಬಿಡುವುದು, ಎತ್ತುವುದು ಬಿಡುವುದು. ಮನೆಗೆ ಬಂದರೆ ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ತಿರುಗುತ್ತಿದ್ದ. "ನೆಲಕ್ಕೇನು ಕೆಂಡ ಹಾಕ್ಯಾರೇನಪ್ಪ?" ಎಂದು ಅವ್ವ ಕೇಳುತ್ತಿದ್ದಳು.

ಹಾಗಿರುವಾಗ ಬಳ್ಳಾರಿಯಿಂದ ಕುರುಗೋಡಿನ ಮೇಲೆ ಹಾಯ್ದು ಸಿರುಗುಪ್ಪದ ತನಕ ಕರೆಂಟಿನ ತಂತಿ ಎಳೆಯುತ್ತಾರೆಂಬ ಸುದ್ದಿ ಬಂತು. ಕಂಬ ಹತ್ತುವವರು ಬೇಕಾಗಿದ್ದರು. ಸೂಪರ್‌ವೈಸರ್ ಗುರುರಾಜ ರಾಯರು ಬಳ್ಳಾರಿಯ ಕಚೇರಿ ಅಂಗಳದಲ್ಲಿ ಒಂದು ಕಂಬ ನೆಡಿಸಿ, ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಹತ್ತಿಸಿ ನೋಡಿದರು. ಅವತ್ತು ಆರಿಸಿಕೊಂಡವರಲ್ಲಿ ಹೆಚ್ಚಿನವರು ಹಳೆಯ ಹೆಂಡ ಇಳಿಸುವವರೇ. ರಾಯರು ಪಟ್ಟಿ ಓದುವಾಗ ನಕ್ಕು, "ಸರ್ಕಾರ ನಿಮ್ಮನ್ನ ಒಂದು ಕಡೆಯಿಂದ ಇಳಿಸಿ ಇನ್ನೊಂದು ಕಡೆ ಹತ್ತಿಸ್ತಾ ಇದೆ" ಅಂದರು.

ಜೋಡಿಯಾಗಿ ಕೆಲಸ ಮಾಡಬೇಕಿತ್ತು. ಎರ್ರಣ್ಣನಿಗೆ ಸಿಕ್ಕ ಜೋಡಿ ತೆಕ್ಕಲಕೋಟೆಯ ಗಾದೆಪ್ಪ. ಎರ್ರಣ್ಣನಿಗಿಂತ ಚಿಕ್ಕವನು, ಅದೇ ಜನ, ಅದೇ ಕಸುಬಿನ ಮನೆಯವನು. ಹಿಂದುಮುಂದು ಯಾರೂ ಇಲ್ಲದೆ ಸೋದರತ್ತೆಯ ಮನೆಯಲ್ಲಿ ಬೆಳೆದಿದ್ದ. ಕಂಬದ ತುದಿಯಲ್ಲಿ ಕೂತು ತೆಲುಗು ಪದ ಹಾಡುವನು, ಕೆಳಗೆ ಹಾದು ಹೋಗುವ ಗಾಡಿಯವರನ್ನು ಮಾತಾಡಿಸುವನು. ಎರ್ರಣ್ಣ ಮೇಲೆ ಹೋದರೆ ತುಟಿ ಬಿಚ್ಚುತ್ತಿರಲಿಲ್ಲ. ಹೀಗಿದ್ದೂ ಇಬ್ಬರ ಕೈ ಮಾತ್ರ ಎಷ್ಟು ಹೊಂದಿದವೆಂದರೆ, ಒಬ್ಬ ಕೈ ಚಾಚುವ ಮೊದಲೇ ಇನ್ನೊಬ್ಬ ಇಕ್ಕಳ ಕೊಟ್ಟಿರುತ್ತಿದ್ದ. ಆರು ತಿಂಗಳು ಕಳೆಯುವುದರಲ್ಲಿ ಎರ್ರಣ್ಣನಿಗೆ ಬೇರೆ ಯಾರ ಜೊತೆ ಹತ್ತಲೂ ಮನಸ್ಸು ಬರದಂತಾಯಿತು.

ಕಂಬಗಳು ಕುರುಗೋಡಿನ ಹೊಲಗಳಿಗೆ ಬಂದಾಗ ಊರಮ್ಮ ಅಣ್ಣನಿಗೆ ಬುತ್ತಿ ತರತೊಡಗಿದಳು. ಗಾದೆಪ್ಪನಿಗೆ ಬುತ್ತಿ ತರುವವರು ಯಾರು? ಆ ಗಂಟಿನಲ್ಲಿ ಎರಡು ರೊಟ್ಟಿ ಹೆಚ್ಚಾದವು. ಮತ್ತೆ ಸ್ವಲ್ಪ ದಿನಕ್ಕೆ, ಹೆಚ್ಚಾದ ಆ ರೊಟ್ಟಿಗಳ ಮೇಲೆ ಬೇರೆಯಾಗಿಯೇ ಶೇಂಗಾ ಚಟ್ನಿ ಕಂಡಿತು. ಎರ್ರಣ್ಣ ನೋಡಿಯೂ ನೋಡದಂತಿದ್ದ.

ಒಂದು ದಿನ ಇಬ್ಬರೂ ಒಂದೇ ಕಂಬದ ಮೇಲೆ, ಅಡ್ಡಪಟ್ಟಿಯ ಆಚೆ ಒಬ್ಬ ಈಚೆ ಒಬ್ಬ, ತಂತಿ ಕೂರಿಸುವ ಪಿಂಗಾಣಿ ಬಟ್ಟಲು ಕೂಡಿಸುತ್ತಿದ್ದರು. ಗಾದೆಪ್ಪ ಹಾಡು ನಿಲ್ಲಿಸಿದ.

"ಅಣ್ಣ, ಒಂದು ಮಾತು ಕೇಳ್ತೀನಿ. ನಿನ್ನ ತಂಗಿನ್ನ ನನಗ ಕೊಡು."

ಎರ್ರಣ್ಣ ಬಟ್ಟಲಿನ ತಿರುಪು ಬಿಗಿ ಮಾಡಿದ. ಮತ್ತೊಮ್ಮೆ ಬಿಗಿ ಮಾಡಿದ.

"ಇಂಥಾ ಮಾತು ಕೆಳಗ ಇಳಿದು ಆಡಬೇಕು" ಅಂದ.

"ಕೆಳಗ ನೀನು ಒಂದು ಕಡೆ ನಿಂದ್ರಂಗಿಲ್ಲ. ಇಲ್ಲೇ ಆದ್ರ ಸೊಂಟಕ್ಕ ಪಟ್ಟ ಕಟ್ಟಿಗೊಂಡಿರ್ತೀ, ಎಲ್ಲಿಗೂ ಹೋಗಾಕ ಬರಂಗಿಲ್ಲ" ಎಂದು ಗಾದೆಪ್ಪ ನಕ್ಕ.

ಕೆಳಗಿಳಿದ ಮೇಲೆ ಎರ್ರಣ್ಣ ಹೇಳಿದ್ದು ಇಷ್ಟೆ: "ನೀನು ಚೊಲೋ ಹುಡುಗ ಅದೀ. ಆದ್ರ ಮ್ಯಾಲ ಹತ್ತೋ ಮನುಷ್ಯಾಗ ನನ್ನ ತಂಗಿನ್ನ ಕೊಡಂಗಿಲ್ಲ. ನಮ್ಮ ಮನ್ಯಾಗ ಒಬ್ಬಾಕಿ ಕುಂಕುಮ ಅಳಿಸಿಗೊಂಡಾಳ, ಸಾಕು."

"ನೀನು ಹತ್ತತೀಯಲ್ಲ?"

"ನನ್ನ ಮಾತು ಬ್ಯಾರೆ."

ಆ ಮಾತು ಮನೆಯಲ್ಲಿ ನಡೆಯಲಿಲ್ಲ. ಹುಡುಗ ನಮ್ಮವನು, ಕುಡಿಯುವುದಿಲ್ಲ, ಇನ್ನೆಂಥವನನ್ನು ಹುಡುಕುತ್ತೀ ಎಂದು ದೊಡ್ಡಬಸಮ್ಮ ಕೇಳಿದಳು. ಹಂಪಮ್ಮ ಒಲೆಯ ಮುಂದಿನಿಂದ ತಿರುಗದೆಯೇ, "ಹಂಗಾದ್ರ ನಾನು ಯಾರ ಹೆಂಡ್ತಿ? ಲೈನ್‌ಮನ್ ಹೆಂಡ್ತಿ ಆಗಿ ನಾನು ಹಗಲೆಲ್ಲಾ ಹೆಂಗ ಇರ್ತೀನಿ ಅಂತ ಎಂದಾರ ಕೇಳೀರೇನು?" ಅಂದಳು. ಎರ್ರಣ್ಣ ಎದ್ದುಬಿಟ್ಟ. ಅಂಗಳಕ್ಕೆ ಹೋಗಿ ಬೀಡಿ ಹಚ್ಚಿದ, ಅರ್ಧಕ್ಕೇ ಒಗೆದ, ಮತ್ತೊಂದು ಹಚ್ಚಿದ. ಊರಮ್ಮ ಮರುದಿನವೂ ಬುತ್ತಿ ತಂದಳು, ಚಟ್ನಿಯೂ ಇತ್ತು.

ಆ ಬೇಸಿಗೆಯಲ್ಲಿ ಬಳ್ಳಾರಿಯ ಕಂಟೋನ್ಮೆಂಟ್ ಕಡೆಯ ಟಾಕೀಸಿಗೆ ಒಂದು ಇಂಗ್ಲಿಷ್ ಸಿನಿಮಾ ಬಂತು. ಅಮೆರಿಕದಲ್ಲಿ ಕರೆಂಟಿನ ತಂತಿ ಎಳೆಯುವವರ ಕತೆಯಂತೆ. ಗುರುರಾಜ ರಾಯರಿಗೆ ಇಂಗ್ಲಿಷ್ ಸಿನಿಮಾದ ಹುಚ್ಚು. ಒಂದು ಸಲ ನೋಡಿ ಬಂದವರಿಗೆ ತಡೆಯಲಾಗಲಿಲ್ಲ. "ನಿಮ್ಮದೇ ಕೆಲಸ ಕಣ್ರಯ್ಯಾ, ಅಲ್ಲಿ ಹೇಗೆ ಮಾಡ್ತಾರೆ ನೋಡಬೇಕು ನೀವು" ಎಂದು ಭಾನುವಾರದ ಬೆಳಗಿನ ಆಟಕ್ಕೆ ಇಡೀ ಗ್ಯಾಂಗನ್ನು ಲಾರಿಯಲ್ಲಿ ಕರೆದೊಯ್ಯಲು ಏರ್ಪಾಡು ಮಾಡಿದರು. ಮನೆಯವರು ಯಾರಾದರೂ ಬರುವುದಾದರೆ ಬರಲಿ ಎಂದೂ ಹೇಳಿದರು.

ಎರ್ರಣ್ಣ ಲಾರಿ ಹತ್ತಿದಾಗ ಅವ್ವ ಮತ್ತು ಊರಮ್ಮ ಆಗಲೇ ಒಳಗೆ ಕೂತಿದ್ದರು. ಊರಮ್ಮ ಹೊಸ ಕುಪ್ಪಸ ತೊಟ್ಟಿದ್ದಳು. ಗಾದೆಪ್ಪ ಲಾರಿಯ ಹಿಂದಿನ ಹಲಗೆ ಹಿಡಿದು, ಎತ್ತಲೋ ನೋಡುತ್ತಿದ್ದ. ಇವನೇ ಹೋಗಿ ಅವ್ವನಿಗೆ ಹೇಳಿ ಒಪ್ಪಿಸಿದ್ದಾನೆಂದು ಎರ್ರಣ್ಣನಿಗೆ ತಿಳಿಯಿತು. ತನ್ನ ಕೆಲಸ ಎಂಥ ದೊಡ್ಡದು ಎಂದು ಪರದೆಯ ಮೇಲೆ ತೋರಿಸಿದರೆ ಮುದುಕಿಯೂ ಹುಡುಗಿಯೂ ಹಿಗ್ಗುತ್ತಾರೆ, ಮನೆಯಲ್ಲಿ ಮಾತು ತನ್ನ ಕಡೆ ತಿರುಗುತ್ತದೆ ಎಂಬುದು ಗಾದೆಪ್ಪನ ಲೆಕ್ಕ.

ಮೊದಲರ್ಧ ಆ ಲೆಕ್ಕದಂತೆಯೇ ನಡೆಯಿತು. ಟೋಪಿ ಹಾಕಿದ ಎತ್ತರದ ಗಂಡಸರು ಗೋಪುರದಂಥ ಕಂಬಗಳನ್ನು ಹತ್ತಿದರು. ಒಂದು ಆಳವಾದ ಕಣಿವೆ, ಕೆಳಗೆ ದಾರದಷ್ಟು ನದಿ. ತಂತಿಗೆ ಗಾಲಿ ಸಿಕ್ಕಿಸಿ, ಗಾಲಿಗೆ ಹಲಗೆ ಕಟ್ಟಿ, ಅದರ ಮೇಲೆ ಕೂತು ಒಬ್ಬ ಆ ದಂಡೆಯಿಂದ ಈ ದಂಡೆಗೆ ಜಾರಿ ಬಂದ. ಗ್ಯಾಂಗಿನವರು ಕುರ್ಚಿ ಬಡಿದು ಸಿಳ್ಳೆ ಹಾಕಿದರು. ರಾಯರು ಮೊದಮೊದಲು ಅವರ ಮಾತನ್ನೆಲ್ಲ ಕನ್ನಡಕ್ಕೆ ತಿರುಗಿಸಿ ಪಿಸುಗುಟ್ಟುತ್ತಿದ್ದರು, ಆಮೇಲೆ ಮೈಮರೆತು ಸುಮ್ಮನಾದರು. ಯಾರಿಗೂ ಮಾತು ಬೇಕಾಗಲೂ ಇಲ್ಲ. ಕೈ ಎಲ್ಲಿ ಹಿಡಿಯಬೇಕು, ಕಾಲು ಎಲ್ಲಿ ಊರಬೇಕು ಎಂಬುದಕ್ಕೆ ಭಾಷೆ ಯಾಕೆ? ಗಾದೆಪ್ಪ ಮುಂದಿನ ಸಾಲಿನಿಂದ ತಿರುಗಿ ತಿರುಗಿ ಊರಮ್ಮನ ಮುಖ ನೋಡುತ್ತಿದ್ದ. ಪರದೆಯ ಬೆಳಕು ಬಿದ್ದ ಆ ಮುಖ ನಿಜಕ್ಕೂ ಅರಳಿತ್ತು.

ಆಮೇಲೆ ಆ ಹಲಗೆಯ ಮೇಲೆ ಕೂತಿದ್ದವನೇ ಬಿದ್ದ. ಅಂಥ ದೊಡ್ಡ ಕಣಿವೆಯಲ್ಲಿ ಅಲ್ಲ, ಯಾವುದೋ ಊರ ಹೊರಗಿನ ಸಣ್ಣ ಕಂಬದಿಂದ, ಹಲ್ಲು ಕಿಸಿಯುತ್ತ ಯಾರನ್ನೋ ಕೂಗುತ್ತಿರುವಾಗ. ಬೀಳುವುದನ್ನು ತೋರಿಸಲೂ ಇಲ್ಲ. ಅವನ ಟೋಪಿ ಮಾತ್ರ ಗಿರಕಿ ಹೊಡೆಯುತ್ತ ನೆಲಕ್ಕೆ ಬಂತು. ಅವನನ್ನು ಮೆಚ್ಚಿದ್ದ ಹೆಂಗಸು ಓಡಿ ಬಂದು, ಜನ ಗುಂಪು ಕಟ್ಟಿದ್ದ ಕಡೆ ಹೋಗಲಾರದೆ, ದೂರದಲ್ಲೇ ನಿಂತಳು.

ಟಾಕೀಸಿನಲ್ಲಿ ಯಾರೂ ಸಿಳ್ಳೆ ಹಾಕಲಿಲ್ಲ. ಎರ್ರಣ್ಣ ಪಕ್ಕಕ್ಕೆ ತಿರುಗಿ ನೋಡಿದ. ಅವ್ವನ ಕೈ ಕುರ್ಚಿಯ ತೋಳನ್ನು ಹಿಡಿದಿತ್ತು. ಬೆರಳಿನ ಗೆಣ್ಣುಗಳು ಬಿಳುಪಾಗಿದ್ದವು. ಸಿನಿಮಾ ಇನ್ನೂ ಬಹಳ ಹೊತ್ತು ನಡೆಯಿತು, ಯಾರ್ಯಾರೋ ಮಾತಾಡಿದರು, ಕೊನೆಗೆ ಒಂದು ಊರಿಗೆ ದೀಪವೂ ಬಂತು. ಎರ್ರಣ್ಣ ಅದನ್ನು ನೋಡಲೇ ಇಲ್ಲ, ಅವ್ವನ ಕೈಯನ್ನೇ ನೋಡುತ್ತಿದ್ದ.

ಹಿಂದಿರುಗುವಾಗ ಲಾರಿಯಲ್ಲಿ ಗಾದೆಪ್ಪ ಬಾಡಿದ ಮುಖ ಹಾಕಿಕೊಂಡು ಕೂತಿದ್ದ. ಮಾತಾಡಿದವಳು ಊರಮ್ಮ ಒಬ್ಬಳೇ.

"ಆಕಿ ಯಾಕ ದೂರ ನಿಂತಳು? ನಾನಾಗಿದ್ರ ಹತ್ರ ಹೋಗ್ತಿದ್ದೆ" ಅಂದಳು.

ಆ ಮಾತು ಎರ್ರಣ್ಣನ ಎದೆಯಲ್ಲಿ ಮುಳ್ಳಿನಂತೆ ಮುರಿಯಿತು. ತಂಗಿ ಮನಸ್ಸಿನಲ್ಲಿ ಆಗಲೇ ಆ ಗುಂಪಿನ ಹತ್ತಿರ ಹೋಗಿ ನಿಂತುಬಿಟ್ಟಿದ್ದಾಳೆ. ಅವಳನ್ನು ತಡೆಯುವುದು ಇನ್ನು ಆಗದ ಮಾತು. ಹಾಗಾದರೆ ಉಳಿದದ್ದು ಒಂದೇ, ಗಾದೆಪ್ಪನನ್ನು ಕಂಬದಿಂದ ಇಳಿಸುವುದು.

ಮರುದಿನ ಬೆಳಿಗ್ಗೆ ಎರ್ರಣ್ಣ ರಾಯರ ಡೇರೆಗೆ ಹೋದ. ಒಳಗೆ ಹೋದ, ಹೊರಗೆ ಬಂದ, ಮತ್ತೆ ಒಳಗೆ ಹೋದ.

"ಏನಯ್ಯಾ, ಬಂದದ್ದಾದರೂ ಯಾಕೆ ಹೇಳು" ಎಂದರು ರಾಯರು.

"ರಾಯ್ರ, ಗಾದೆಪ್ಪಗ ಮ್ಯಾಲ ಹೋದ್ರ ತಲಿ ತಿರುಗಾಕ ಹತ್ತೈತಿ. ಎರಡು ಸಲ ನಾನೇ ಹಿಡದೀನಿ. ಅವನು ಹೇಳಂಗಿಲ್ಲ. ಕೆಳಗಿನ ಕೆಲಸಕ್ಕ ಹಾಕ್ರಿ ಅವನ್ನ."

ಒಂದೇ ಒಂದು ಸಲವೂ ಗಾದೆಪ್ಪನಿಗೆ ತಲೆ ತಿರುಗಿರಲಿಲ್ಲ. ರಾಯರು ಎರ್ರಣ್ಣನ ಮಾತನ್ನು ಯಾಕೆ ಅನುಮಾನಿಸಿಯಾರು? ಅದೇ ದಿನ ಗಾದೆಪ್ಪನ ಸೊಂಟದ ಪಟ್ಟ ಬಿಚ್ಚಿಸಿ, ಗುಂಡಿ ತೋಡಿ ಕಂಬ ಎತ್ತಿ ನಿಲ್ಲಿಸುವ ಗ್ಯಾಂಗಿಗೆ ಕಳಿಸಿದರು. ಯಾಕೆಂದು ಅವನು ಕೇಳಿದಾಗ, "ನಿನ್ನ ಜೋಡಿಯೇ ಹೇಳಿದಾನೆ. ನಿನ್ನ ಒಳ್ಳೇದಕ್ಕೇ" ಎಂದು ಬಿಟ್ಟರು.

ಗಾದೆಪ್ಪ ನೆಟ್ಟಗೆ ಎರ್ರಣ್ಣನ ಹತ್ತಿರ ಬಂದ. ಎರ್ರಣ್ಣ ಕಂಬದ ಬುಡದಲ್ಲಿ ಹಗ್ಗ ಸುತ್ತುತ್ತಿದ್ದ.

"ನನಗ ಎಂದು ತಲಿ ತಿರುಗಿತು ಹೇಳು."

ಎರ್ರಣ್ಣ ಹಗ್ಗ ಸುತ್ತುತ್ತಲೇ ಇದ್ದ.

"ನನ್ನ ಮುಖ ನೋಡಿ ಹೇಳು, ಅಣ್ಣ."

"ನೆಲದ ಮ್ಯಾಲ ಅದೀ ಈಗ" ಎಂದ ಎರ್ರಣ್ಣ. "ಇನ್ನ ಅಡ್ಡಿ ಇಲ್ಲ. ಬರೋ ತಿಂಗಳದಾಗ ಲಗ್ನ ಇಟ್ಟುಕೊಳ್ಳೋಣು. ನಾನೇ ನಿಂತು ಮಾಡ್ತೀನಿ."

ಗಾದೆಪ್ಪ ಒಂದು ಹೆಜ್ಜೆ ಹಿಂದೆ ಸರಿದ. "ಹೆದರುಪುಕ್ಕಲ ಅಂತ ನಾಕು ಮಂದಿ ಮುಂದ ನನ್ನ ಇಳಿಸಿ, ಆಮ್ಯಾಲ ಹೆಣ್ಣು ಕೊಡ್ತೀಯೇನು? ಹಂಗ ಕೊಟ್ರ ನನಗ ಬ್ಯಾಡ" ಎಂದು ಹೊರಟುಹೋದ. ಅವತ್ತಿನಿಂದ ಅವನು ಎರ್ರಣ್ಣನ ಜೊತೆ ಮಾತು ಬಿಟ್ಟ. ಗ್ಯಾಂಗಿನವರು "ತಲಿತಿರುಕ" ಎಂದು ಹೆಸರಿಟ್ಟರು. ಕೆಲಸ ಬಿಟ್ಟರೆ ಹೋಗುವುದೆಲ್ಲಿಗೆ? ತಲೆ ತಗ್ಗಿಸಿ ಗುಂಡಿ ತೋಡಿದ. ಹಾಡು ನಿಂತಿತು.

ಊರಮ್ಮನಿಗೆ ವಿಷಯ ತಿಳಿಯಲು ಎರಡು ದಿನ ಹಿಡಿಯಲಿಲ್ಲ. ಅವಳು ಅಣ್ಣನಿಗೆ ಬುತ್ತಿ ತರುವುದನ್ನು ನಿಲ್ಲಿಸಿದಳು. ಮನೆಯಲ್ಲಿ ಅವನು ಬಂದರೆ ಎದ್ದು ಒಳಗೆ ಹೋಗುವಳು. ಎರ್ರಣ್ಣ ತನ್ನೊಳಗೇ, ಬೈಯಲಿ, ಬದುಕಿರುತ್ತಾನಲ್ಲ, ಅಷ್ಟು ಸಾಕು ಎಂದುಕೊಳ್ಳುತ್ತಿದ್ದ. ಹಾಗೆಂದುಕೊಂಡರೂ ನಿದ್ದೆ ಹತ್ತುತ್ತಿರಲಿಲ್ಲ. ಹೊಸ ಜೋಡಿಯಾಗಿ ಬಂದ ಉಚ್ಚೆಂಗೆಪ್ಪ ಒಳ್ಳೆಯ ಕೆಲಸಗಾರನೇ, ಆದರೆ ಎರ್ರಣ್ಣ ಕೈ ಚಾಚಿದರೆ ಕೈ ಬರಿದಾಗಿಯೇ ಇರುತ್ತಿತ್ತು. ಇಕ್ಕಳ ಬೇಕೆಂದು ಬಾಯಿಬಿಟ್ಟು ಕೇಳಬೇಕಿತ್ತು. ಮೇಲೆ ಕೂತಾಗಲೂ ಅವನ ಕಣ್ಣು ಕೆಳಗಿನ ಗುಂಡಿಯವರನ್ನೇ ಹುಡುಕುತ್ತಿತ್ತು. ಬದುಕಿನಲ್ಲಿ ಮೊದಲ ಸಲ ಮೇಲೂ ಅವನಿಗೆ ಸಮಾಧಾನ ಸಿಗಲಿಲ್ಲ.

ಲೈನು ತೆಕ್ಕಲಕೋಟೆ ದಾಟಿ ಸಿರುಗುಪ್ಪದ ಕಡೆಯ ಎರೆ ಹೊಲಗಳಿಗೆ ಇಳಿಯಿತು. ಮುಂಗಾರಿನ ಮೊದಲ ಮಳೆ ಬಿದ್ದಿತ್ತು. ಎರೆಮಣ್ಣು ಒಣಗಿದಾಗ ಕಲ್ಲು, ನೆನೆದಾಗ ಬೆಣ್ಣೆ. ಅಲ್ಲಿ ನೆಡುತ್ತಿದ್ದುದು ಹಳೆಯ ರೈಲು ಹಳಿಯ ಕಂಬಗಳು. ಬುಡವನ್ನು ಗುಂಡಿಯ ಅಂಚಿಗೆ ತಂದು, ತುದಿಗೆ ಹಗ್ಗ ಕಟ್ಟಿ, ಒಂದು ಕಡೆಯಿಂದ ಕೆಲವರು ಎಳೆದರೆ ಇನ್ನೊಂದು ಕಡೆಯಿಂದ ಕೆಲವರು ಕವಲುಗೋಲು ಕೊಟ್ಟು ಎತ್ತಬೇಕು. ಗಾದೆಪ್ಪ ಬುಡದಲ್ಲಿ ನಿಂತು, ಕಂಬ ಗುಂಡಿಗೆ ಸರಿಯಾಗಿ ಇಳಿಯುವಂತೆ ಸನ್ನೆಗೋಲು ಹಿಡಿಯುವವನು.

ಎರ್ರಣ್ಣ ಪಕ್ಕದ ಕಂಬದ ಮೇಲಿದ್ದ. ಆದ್ದರಿಂದ ಎಲ್ಲವೂ ಅವನಿಗೆ ಮೇಲಿನಿಂದ, ಅಂಗೈ ಮೇಲೆ ಇಟ್ಟಂತೆ ಕಂಡಿತು. ಕಂಬ ಮುಕ್ಕಾಲು ಎದ್ದಿತ್ತು. ಗುಂಡಿಯ ಒಂದು ಬದಿಯ ಮಣ್ಣು ಸದ್ದಿಲ್ಲದೆ ಕುಸಿಯಿತು. ಬುಡ ಪಕ್ಕಕ್ಕೆ ಜಾರಿ, ತುದಿ ಅರ್ಧ ಸುತ್ತು ತಿರುಗಿತು. ಹಗ್ಗದವರು ಹಗ್ಗದ ಸೆಳೆತಕ್ಕೆ ಮುಗ್ಗರಿಸಿ ಬಿದ್ದರು. ಕವಲುಗೋಲಿನವರು ಜಿಗಿದು ತಪ್ಪಿಸಿಕೊಂಡರು. ಗಾದೆಪ್ಪನಿಗೆ ಜಿಗಿಯಲು ಆಗಲಿಲ್ಲ. ಎರೆಮಣ್ಣು ಅವನ ಕಾಲನ್ನು ಹಿಡಿದುಕೊಂಡಿತ್ತು.

ಎರ್ರಣ್ಣ ಕೂಗಿದ್ದು ಅವನಿಗೇ ಕೇಳಿಸಲಿಲ್ಲ. ಪಟ್ಟ ಬಿಚ್ಚಿ ಇಳಿದದ್ದು ನೆನಪಿಲ್ಲ. ಕಂಬದ ಕೆಳಗೆ ಕೈ ಹಾಕಿ ಎತ್ತುವವರ ನಡುವೆ ತಾನೂ ಇದ್ದೇನೆಂದು ತಿಳಿದದ್ದು, ಗಾದೆಪ್ಪ ಕಣ್ಣು ಬಿಟ್ಟು ನೋಡಿದಾಗ. ನೋಡಿ ಮುಖವನ್ನು ಆಚೆ ತಿರುಗಿಸಿದ.

ಬಳ್ಳಾರಿಯ ಆಸ್ಪತ್ರೆಯಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಸುದ್ದಿ ತಿಳಿದ ಬೆಳಿಗ್ಗೆ ಊರಮ್ಮ ಯಾರನ್ನೂ ಕೇಳದೆ ಬಸ್ಸು ಹತ್ತಿ ಹೋದಳು. ಆಸ್ಪತ್ರೆಯವರು ನೀನು ಏನಾಗಬೇಕೆಂದು ಕೇಳಿದರೆ, "ಹೆಂಡ್ತಿ ಆಗಾಕಿ" ಎಂದಳಂತೆ. ಎರ್ರಣ್ಣ ಹೋದಾಗ ಅವಳು ಮಂಚದ ಪಕ್ಕ ನೆಲದ ಮೇಲೆ ಕೂತು ಗಂಜಿ ಆರಿಸುತ್ತಿದ್ದಳು. ಎರ್ರಣ್ಣ ಬಾಗಿಲ ತನಕ ಬಂದ, ಒಳಗೆ ಕಾಲಿಡಲಾಗಲಿಲ್ಲ. ಆಸ್ಪತ್ರೆಯ ಪಡಸಾಲೆಯಲ್ಲಿ ಆ ಕೊನೆಯಿಂದ ಈ ಕೊನೆಗೆ ತಿರುಗಿದ. ನರ್ಸಮ್ಮ ಬಂದು, ರೋಗಿಗಳಿಗೆ ತೊಂದರೆಯಾಗುತ್ತದೆ, ಎಲ್ಲಾದರೂ ಕೂತುಕೋ ಎಂದು ಬೈದಳು. ಹೊರಗಿನ ಬೇವಿನ ಮರದ ಕೆಳಗೆ ಹೋಗಿ ತಿರುಗಿದ.

ಸಂಜೆ ಊರಮ್ಮ ಅಲ್ಲಿಗೇ ಬಂದಳು.

"ಅಣ್ಣ, ನಾನು ಕೇಳಾಕ ಬಂದಿಲ್ಲ, ಹೇಳಾಕ ಬಂದೀನಿ. ಅವರು ಎದ್ದು ನಿಂತ ಮ್ಯಾಲ ಲಗ್ನ ಆಗ್ತೀನಿ."

"ಅವನು ಏನಂತಾನ?"

"ಬ್ಯಾಡ ಅಂತಾರ. ಕುಂಟನ್ನ ಯಾಕ ಕಟ್ಟಿಗೋತೀ ಅಂತಾರ. ನಾನು ಸಿನಿಮಾ ನೋಡಿ ಲಾರ್ಯಾಗ ಬರುವಾಗನೇ ನಿಶ್ಚಯ ಮಾಡಿದ್ದೆ, ಆಗ ನಿಮಗ ಎರಡು ಕಾಲು ಇದ್ವು, ಈಗ ನಾನು ಮಾತು ತಿರುಗಿಸಂಗಿಲ್ಲ ಅಂದೀನಿ."

ಎರ್ರಣ್ಣ ಮರಕ್ಕೆ ಕೈ ಕೊಟ್ಟು ನಿಂತ. "ನಾನು ಅವನ್ನ ಉಳಿಸಬೇಕಂತ ಮಾಡಿದೆ, ಊರಿ" ಅಂದ.

"ನನಗ ಗೊತ್ತೈತಿ. ಅವರಿಗೂ ಗೊತ್ತೈತಿ. ಗೊತ್ತಿದ್ರ ನೋವು ಕಡಿಮಿ ಆಗ್ತೈತೇನು?" ಎಂದು ಅವಳು ಒಳಗೆ ಹೋದಳು.

ಲಗ್ನ ಸಿರುಗುಪ್ಪದಲ್ಲಿ, ಹತ್ತಿಪ್ಪತ್ತು ಜನರ ನಡುವೆ ಆಯಿತು. ದೊಡ್ಡಬಸಮ್ಮ ಮಗಳ ತಲೆಯ ಮೇಲೆ ಅಕ್ಷತೆ ಹಾಕುವಾಗ ಅಳಲಿಲ್ಲ. ಎರ್ರಣ್ಣ ಧಾರೆ ಎರೆದ. ಗಾದೆಪ್ಪ ನೀರಿಗೆ ಕೈಯೊಡ್ಡಿದ, ಮುಖ ಎತ್ತಲಿಲ್ಲ. ಗುರುರಾಜ ರಾಯರು ಒಳಗೊಳಗೇ ನೊಂದಿದ್ದರು. ಅಲ್ಲಿ ಇಲ್ಲಿ ಓಡಾಡಿ, ಸಿರುಗುಪ್ಪದ ಹೊರಗೆ ಹೊಸದಾಗಿ ಕಟ್ಟಿದ ಸಬ್‌ಸ್ಟೇಷನ್ನಿನಲ್ಲಿ ಗಾದೆಪ್ಪನಿಗೆ ಸ್ವಿಚ್ಚು ನೋಡಿಕೊಳ್ಳುವ ಕೆಲಸ ಕೊಡಿಸಿದರು. ಹಿಂದೆಯೇ ಒಂದು ಕೋಣೆ, ಗಂಡ ಹೆಂಡತಿ ಇರಲು. ದೀಪ ಬಂದ ದಿನ ಸಿರುಗುಪ್ಪದ ಬಜಾರಿನಲ್ಲಿ ಜನ ಬಲ್ಬಿನ ಕೆಳಗೆ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

ಲೈನು ಮುಗಿದ ಮೇಲೆ ಅದನ್ನು ಕಾಯಲು ಕೆಲವರನ್ನು ಉಳಿಸಿಕೊಂಡರು. ಎರ್ರಣ್ಣನಿಗೆ ಸಿಕ್ಕದ್ದು ಸಿರುಗುಪ್ಪದ ಭಾಗವೇ. ಬೇರೆ ಕಡೆ ಹಾಕಿರೆಂದು ರಾಯರನ್ನು ಕೇಳಿಕೊಳ್ಳಲು ಹೋಗಿ, ಕೇಳದೆ ತಿರುಗಿ ಬಂದ. ಹೀಗೆ ಅವನ ಜೀವ ಗಾದೆಪ್ಪನ ಕೈಗೆ ಬಂದು ಬಿತ್ತು. ಎಲ್ಲಿಯಾದರೂ ತಂತಿ ಕೆಟ್ಟರೆ ಗಾದೆಪ್ಪ ಸ್ವಿಚ್ಚು ತೆಗೆದು ಕರೆಂಟು ನಿಲ್ಲಿಸಬೇಕು, ನಿಲ್ಲಿಸಿದ ಮೇಲೆ ಅಂಗಳದ ಬಿದಿರಿಗೆ ಕೆಂಪು ಬಾವುಟ ಏರಿಸಬೇಕು. ಅದನ್ನು ನೋಡಿ ಎರ್ರಣ್ಣ ಹತ್ತಬೇಕು. ಬಾವುಟ ಇರುವ ತನಕ ತಂತಿ ಬರೀ ತಂತಿ, ಇಲ್ಲದಿದ್ದರೆ ಯಮ. ಇಬ್ಬರ ನಡುವೆ ಬಾವುಟದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಎರ್ರಣ್ಣ ಬೇಲಿಯ ಹೊರಗೆ ಸೈಕಲ್ ನಿಲ್ಲಿಸಿ ಇಂಥ ಕಂಬ ಎಂದು ಹೇಳುವನು, ಗಾದೆಪ್ಪ ಹೂಂ ಎನ್ನುವನು. ಊರಮ್ಮ ಒಳಗೆ ಬಾ ಎಂದು ಕರೆದರೆ, "ಇನ್ನೊಂದು ಕಂಬ ನೋಡೋದೈತಿ" ಎಂದು ಎರ್ರಣ್ಣ ಸೈಕಲ್ ಹತ್ತುವನು.

ಬಳ್ಳಾರಿ ಮೈಸೂರಿಗೆ ಸೇರಬೇಕೋ ಆಂಧ್ರಕ್ಕೋ ಎಂದು ಚಹಾದಂಗಡಿಗಳಲ್ಲಿ ಜಗಳ ನಡೆಯುತ್ತಿದ್ದ ಕಾಲ. ಗಾಳಿ ಬಲವಾಗಿ ಬೀಸುವ ಆಷಾಢದ ಒಂದು ಮಧ್ಯಾಹ್ನ, ಸಬ್‌ಸ್ಟೇಷನ್ನಿಗೆ ಕಣ್ಣಳತೆಯಲ್ಲಿದ್ದ ಒಂದು ಕಂಬದ ಪಿಂಗಾಣಿ ಬಟ್ಟಲು ಒಡೆದು ಊರಿನ ಅಕ್ಕಿ ಗಿರಣಿಗಳೆಲ್ಲ ನಿಂತವು. ಎರ್ರಣ್ಣ ಒಬ್ಬನೇ ಬಂದ. ಉಚ್ಚೆಂಗೆಪ್ಪ ಜ್ವರದಿಂದ ಮಲಗಿದ್ದ. ಅಕಸ್ಮಾತ್ ಕರೆಂಟು ಬಂದರೂ ಜೀವ ಉಳಿಯಲೆಂದು ತಂತಿಯನ್ನು ನೆಲಕ್ಕೆ ಕಟ್ಟುವ ಸರಪಳಿ ತೆಕ್ಕಲಕೋಟೆಯವರು ಒಯ್ದಿದ್ದರು. ಬಾವುಟ ಏರಿತ್ತು. ಎರ್ರಣ್ಣ ಹತ್ತಿದ, ಪಟ್ಟ ಬಿಗಿದ, ತಂತಿಗೆ ಕೈ ಹಾಕುವ ಮೊದಲು ಅಭ್ಯಾಸದಂತೆ ಮತ್ತೊಮ್ಮೆ ಆ ಕಡೆ ನೋಡಿದ.

ಬಾವುಟ ಇರಲಿಲ್ಲ.

ಬಿದಿರು ಬೋಳಾಗಿ ಗಾಳಿಗೆ ಬಾಗುತ್ತಿತ್ತು. ಎರ್ರಣ್ಣನ ಕೈ ಗಾಳಿಯಲ್ಲೇ ನಿಂತಿತು. ಗಾಳಿಗೆ ಹಗ್ಗ ಹರಿದಿರಬಹುದು. ಅಥವಾ ಗಾದೆಪ್ಪನೇ ಇಳಿಸಿರಬಹುದು. ಇಳಿಸಿ ಸ್ವಿಚ್ಚು ಹಾಕಿದರೆ, ಗಾಳಿಗೆ ಬಿತ್ತು ಎಂದರೆ ಮುಗಿಯಿತು, ಯಾರು ಕೇಳುತ್ತಾರೆ? ಕಾಲು ಕಳೆದುಕೊಂಡವನು, ಹೆಸರು ಕಳೆದುಕೊಂಡವನು. ತಂತಿ ಅವನ ಮುಖದ ಮುಂದೆ ಗಾಳಿಗೆ ಗುಂಯ್‌ಗುಡುತ್ತಿತ್ತು; ಅದು ಗಾಳಿಯದೋ ಕರೆಂಟಿನದೋ ತಿಳಿಯಲಿಲ್ಲ. ಇಳಿದುಬಿಡಬೇಕು ಎಂದುಕೊಂಡ. ಇಳಿದರೆ ತನ್ನ ಮನಸ್ಸಿನಲ್ಲಿ ಏನು ಬಂದಿತ್ತೆಂದು ಗಾದೆಪ್ಪನಿಗೆ ತಿಳಿಯುತ್ತದೆ. ತಾನು ಒಮ್ಮೆ ಅವನ ಮೇಲೆ ಸುಳ್ಳು ಹೇಳಿದ್ದಾಯಿತು, ಈಗ ಕೊಲೆಗಡುಕನೆಂದೂ ಹೇಳಿದಂತಾಗುತ್ತದೆ. ಇಳಿಯಲೂ ಇಲ್ಲ, ಮುಟ್ಟಲೂ ಇಲ್ಲ. ಬೆವರು ಕಣ್ಣಿಗಿಳಿಯಿತು.

ಆಗ ಸಬ್‌ಸ್ಟೇಷನ್ನಿನ ಬಾಗಿಲಿನಿಂದ ಗಾದೆಪ್ಪ ಹೊರಗೆ ಬಂದ. ಕಂಕುಳಲ್ಲಿ ಊರುಗೋಲು. ಅಂಗಳದ ಮುಳ್ಳುಕಂಟಿಗೆ ಸಿಕ್ಕಿಕೊಂಡಿದ್ದ ಬಾವುಟವನ್ನು ಬಾಗಿ ಬಿಡಿಸಿದ. ಬಿದಿರಿಗೆ ಕಟ್ಟಲು ಎರಡು ಕೈ ಬೇಕು. ಊರುಗೋಲು ಬಿಟ್ಟರೆ ಗಾಳಿ ಅವನನ್ನು ನೂಕುತ್ತಿತ್ತು. ಎರಡು ಸಲ ಯತ್ನಿಸಿ ಬಿಟ್ಟ. ಆಮೇಲೆ ಬಿದಿರಿಗೆ ಬೆನ್ನು ಕೊಟ್ಟು ನಿಂತು, ಬಾವುಟದ ಒಂದು ತುದಿ ಹಿಡಿದು ಕೈಯನ್ನು ತಲೆಯ ಮೇಲೆ ನೆಟ್ಟಗೆ ಎತ್ತಿದ. ಕೆಂಪು ಬಟ್ಟೆ ಗಾಳಿಗೆ ಪಟಪಟನೆ ಬಡಿಯಿತು. ಅವನು ಎರ್ರಣ್ಣನ ಕಡೆಗೇ ನೋಡುತ್ತಿದ್ದ.

ಎರ್ರಣ್ಣ ತಂತಿ ಹಿಡಿದ. ತಣ್ಣಗಿತ್ತು.

ಒಡೆದ ಬಟ್ಟಲಿನ ತಿರುಪು ತುಕ್ಕು ಹಿಡಿದು ಕೂತಿತ್ತು. ಅವಸರ ಮಾಡಿದಷ್ಟೂ ಇಕ್ಕಳ ಜಾರಿತು. ನಡುನಡುವೆ ನೋಡಿದರೆ ಗಾದೆಪ್ಪ ಹಾಗೆಯೇ ಇದ್ದ. ಕೈ ಸೋತಾಗ ಇನ್ನೊಂದು ಕೈಗೆ ಬದಲಿಸುತ್ತಿದ್ದ, ಬಾವುಟ ಮಾತ್ರ ಕೆಳಗಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಊರಮ್ಮ ಹೊರಗೆ ಬಂದು ಬಾವುಟಕ್ಕೆ ಕೈ ಚಾಚಿದಳು. ಅವನು ತಲೆಯಾಡಿಸಿದ, ಕೊಡಲಿಲ್ಲ. ಅವಳು ಅವನ ತೋಳಿನ ಕೆಳಗೆ ಭುಜ ಕೊಟ್ಟು ನಿಂತಳು. ಆ ಬಿಸಿಲಿನಲ್ಲಿ, ಆ ಗಾಳಿಯಲ್ಲಿ ಇಬ್ಬರೂ ಹಾಗೆ ನಿಂತೇ ಇದ್ದರು.

ಕೆಲಸ ಮುಗಿಸಿ ಇಳಿದ ಎರ್ರಣ್ಣ ಈ ಸಲ ಬೇಲಿಯ ಹೊರಗೆ ನಿಲ್ಲಲಿಲ್ಲ. ಅಂಗಳಕ್ಕೆ ಬಂದ.

"ಆತೇನು?" ಎಂದ ಗಾದೆಪ್ಪ, ಕೈ ಇನ್ನೂ ಇಳಿಸದೆ.

"ಆತು."

"ಒಂದು ಬಟ್ಟಲಕ್ಕ ಇಷ್ಟು ಹೊತ್ತೇನು? ನಾನು ಜೋಡಿ ಇದ್ದಾಗ ಹಿಂಗಿರಲಿಲ್ಲ ನೀನು."

"ಇಕ್ಕಳ ಕೊಡವರು ಇಲ್ಲ" ಎಂದ ಎರ್ರಣ್ಣ.

ಗಾದೆಪ್ಪ ಬಾವುಟ ಸುತ್ತಿ ಕಂಕುಳಲ್ಲಿಟ್ಟು, ಊರುಗೋಲು ಊರಿ ಒಳಗೆ ಹೋಗಿ ಸ್ವಿಚ್ಚು ಹಾಕಿದ. ದೂರದಲ್ಲಿ ಅಕ್ಕಿ ಗಿರಣಿ ಕೆಮ್ಮಿ ಶುರುವಾಯಿತು. ಊರಮ್ಮ ಚೆಂಬಿನಲ್ಲಿ ನೀರು ತಂದು ಅಣ್ಣನ ಮುಂದೆ ಇಟ್ಟಳು. ಒಳಗಿನಿಂದ ಗಾದೆಪ್ಪನ ದನಿ ಬಂತು, "ಕೈಕಾಲು ತೊಳಕೊಂಡು ಬರಾಕ ಹೇಳು. ಮುದ್ದಿ ಆರತೈತಿ."

ಎರ್ರಣ್ಣ ಕಾಲಿನ ಮೇಲೆ ನೀರು ಸುರಿದುಕೊಂಡು, ಬಾಗಿಲು ಗಿಡ್ಡವಿದ್ದುದರಿಂದ ತಲೆ ಬಗ್ಗಿಸಿ, ಆ ಕೋಣೆಯೊಳಗೆ ಮೊದಲ ಸಲ ಹೋದ.